ತಾಳವಾಡಿಗೆ ಯಾವ ಕ್ಯಾಮೆರಾ? ಆರ್50, ಝಡ್30 ಮತ್ತು ಎಂಟು ತಪ್ಪು ಕಲ್ಪನೆಗಳು

ತಾಳವಾಡಿ ಇರುವುದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ. ಆದರೆ ಮನೆಮಾತು ಕನ್ನಡ, ಪೇಟೆಯ ಕೆಲಸಕ್ಕೆ ಹತ್ತಿರದ ಊರು ಚಾಮರಾಜನಗರ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಸುತ್ತ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ, ನಡುವೆ ಎಲೆಕೋಸು, ಆಲೂಗೆಡ್ಡೆ, ಕಬ್ಬಿನ ಹೊಲಗಳು. ಚಿತ್ರ ತೆಗೆಯಲು ಇಲ್ಲಿ ವಿಷಯಕ್ಕೆ ಬರವಿಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಗುಮಟಾಪುರದಲ್ಲಿ ಸಗಣಿ ಎರಚಾಡುವ ಗೊರೆ ಹಬ್ಬ, ದೊಡ್ಡಗಾಜನೂರಿನಲ್ಲಿ ಡಾ. ರಾಜ್‌ಕುಮಾರ್ ಅವರ ಹಳೆಯ ಮನೆ, ಕಾರಪಳ್ಳಂ ಚೆಕ್‌ಪೋಸ್ಟ್ ಬಳಿ ಕಬ್ಬಿನ ಲಾರಿಗೆ ಅಡ್ಡ ನಿಲ್ಲುವ ಆನೆಗಳು, ಮೋಯಾರ್ ಕಣಿವೆಯ ರಣಹದ್ದುಗಳು.

ಮೊಬೈಲ್ ಬಿಟ್ಟು ಮೊದಲ ಬಾರಿಗೆ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳಲು ಹೊರಟವರ ಮುಂದೆ ಹೆಚ್ಚಾಗಿ ಬಂದು ನಿಲ್ಲುವ ಜೋಡಿ ಇದು: 2022ರಲ್ಲಿ ಬಂದ ನಿಕಾನ್ ಝಡ್30 ಮತ್ತು 2023ರಲ್ಲಿ ಬಂದ ಕ್ಯಾನನ್ ಇಒಎಸ್ ಆರ್50. ಎರಡೂ ಆರಂಭಿಕರಿಗೆಂದೇ ಮಾಡಿದವು, ಎರಡೂ ಹಗುರ, ಎರಡರಲ್ಲೂ ಎಪಿಎಸ್-ಸಿ ಅಳತೆಯ ಸೆನ್ಸರ್. ಆದರೆ ಆಯ್ಕೆ ಮಾಡುವಾಗ ಕಿವಿಗೆ ಬೀಳುವ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು. ಕಷ್ಟಪಟ್ಟು ಕೂಡಿಟ್ಟ ಹಣ ತಪ್ಪು ಕಾರಣಕ್ಕೆ ಖರ್ಚಾಗಬಾರದು. ಆದ್ದರಿಂದ ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: ಮೆಗಾಪಿಕ್ಸೆಲ್ ಹೆಚ್ಚಿದ್ದದ್ದೇ ಒಳ್ಳೆಯ ಕ್ಯಾಮೆರಾ

ವಾಸ್ತವ: ಆರ್50ರದ್ದು 24.2 ಮೆಗಾಪಿಕ್ಸೆಲ್, ಝಡ್30ರದ್ದು 20.9. ಕೇಳಲು ದೊಡ್ಡ ಅಂತರ. ಚಿತ್ರದ ಅಗಲಕ್ಕೆ ಇಳಿಸಿ ನೋಡಿದರೆ ಒಂದರಲ್ಲಿ 6000 ಬಿಂದು, ಇನ್ನೊಂದರಲ್ಲಿ 5568. ಇಂಚಿಗೆ 300 ಬಿಂದುಗಳ ಲೆಕ್ಕದಲ್ಲಿ ಅಚ್ಚು ಹಾಕಿಸಿದರೆ ಮೊದಲನೆಯದು 20 ಇಂಚು ಅಗಲ ಬರುತ್ತದೆ, ಎರಡನೆಯದು ಹದಿನೆಂಟೂವರೆ. ಮದುವೆ ಆಲ್ಬಮ್ಮಿಗೂ ಪತ್ರಿಕೆಯ ಪುಟಕ್ಕೂ ಗೋಡೆಗೆ ಹಾಕುವ ಫ್ರೇಮಿಗೂ ಎರಡೂ ಧಾರಾಳ. ಈ ಅಂಕಿಯನ್ನು ಆಯ್ಕೆಯ ಲೆಕ್ಕದಿಂದ ಪೂರ್ತಿ ಕೈಬಿಡಬಹುದು.

2. ತಪ್ಪು ಕಲ್ಪನೆ: ತಿರುಗುವ ಪರದೆ ಇದ್ದ ಮೇಲೆ ವ್ಯೂಫೈಂಡರ್ ಯಾಕೆ?

ವಾಸ್ತವ: ಈ ಎರಡು ಕ್ಯಾಮೆರಾಗಳ ನಡುವಿನ ನಿಜವಾದ ಗೆರೆ ಇದೇ. ಹಿಂಬದಿಯ ಪರದೆ ಎರಡರಲ್ಲೂ ಹೊರಕ್ಕೆ ತೆರೆದುಕೊಂಡು ಎಲ್ಲ ದಿಕ್ಕಿಗೂ ತಿರುಗುತ್ತದೆ. ಆದರೆ ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ಎಲೆಕ್ಟ್ರಾನಿಕ್ ವ್ಯೂಫೈಂಡರ್, ಇರುವುದು ಆರ್50ರಲ್ಲಿ ಮಾತ್ರ. ಝಡ್30ರಲ್ಲಿ ಅದಿಲ್ಲ; ಆಮೇಲೆ ಸೇರಿಸಿಕೊಳ್ಳುವ ದಾರಿಯೂ ಇಲ್ಲ.

ನಡು ಮಧ್ಯಾಹ್ನ ಕೋಸಿನ ಹೊಲದ ಬದುವಿನ ಮೇಲೆ ನಿಂತು ಝಡ್30ರ ಪರದೆ ನೋಡಿ. ಮೊದಲು ಕಾಣುವುದು ನಿಮ್ಮ ಅಂಗಿಯ ಪ್ರತಿಬಿಂಬ, ಆಮೇಲೆ ಗಾಜಿನ ಮೇಲಿನ ಬೆರಳಚ್ಚು. ಅದರ ಹಿಂದೆ ಎಲ್ಲೋ ಮಂಕಾಗಿ ಹೊಲ ಇರುತ್ತದೆ. ಎದುರಿಗಿರುವವರ ಮುಖ ಕಪ್ಪಾಗಿದೆಯೋ, ಆಕಾಶ ಬಿಳುಚಿದೆಯೋ ತಿಳಿಯುವುದಿಲ್ಲ. ಪರದೆಯ ಬೆಳಕು ಹೆಚ್ಚಿಸಬಹುದು, ಹಿಸ್ಟೋಗ್ರಾಮ್ ನೋಡಿ ಬೆಳಕು ಅಳೆಯಬಹುದು, ಅಂಗೈ ಅಡ್ಡ ಹಿಡಿಯಬಹುದು. ಆದರೆ ಓಡಾಡುವ ವಸ್ತುವನ್ನು ಹಿಡಿಯುವಾಗ ಇದಕ್ಕೆಲ್ಲ ಪುರುಸೊತ್ತು ಸಿಗುವುದಿಲ್ಲ. ಗೊರೆ ಹಬ್ಬ ನಡೆಯುವುದೂ ಹಗಲಿನಲ್ಲಿ, ಬಯಲಿನಲ್ಲಿ. ಕಿಂಡಿಗೆ ಕಣ್ಣಿಟ್ಟರೆ ಬಿಸಿಲು ಹೊರಗೇ ಉಳಿಯುತ್ತದೆ, ಒಳಗೆ 23.6 ಲಕ್ಷ ಬಿಂದುಗಳ ಸ್ಪಷ್ಟ ಚಿತ್ರ ಕಾಣುತ್ತದೆ. ಕನ್ನಡಕದವರು ಪಕ್ಕದ ಪುಟ್ಟ ತಿರುಪನ್ನು ತಿರುಗಿಸಿ ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬಹುದು.

ಇನ್ನೊಂದು ಲಾಭವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕ್ಯಾಮೆರಾ ಹುಬ್ಬಿಗೆ ಒತ್ತಿಕೊಂಡಾಗ ಎರಡು ಕೈಗಳ ಜೊತೆ ತಲೆಯೂ ಆಸರೆಯಾಗುತ್ತದೆ. ಟೆಲಿ ಲೆನ್ಸ್ ಹಾಕಿದ ಕ್ಯಾಮೆರಾವನ್ನು ತೋಳು ಮುಂದೆ ಚಾಚಿ ಹಿಡಿದರೆ ನಡುಗುತ್ತದೆ, ಕಣ್ಣಿಗೊತ್ತಿ ಹಿಡಿದರೆ ನಿಲ್ಲುತ್ತದೆ. ಹೊರಗಿನ ಬೆಳಕಿನಲ್ಲಿ ಸ್ಥಿರಚಿತ್ರ ತೆಗೆಯುವುದೇ ನಿಮ್ಮ ಮುಖ್ಯ ಕೆಲಸವಾದರೆ ಈ ಒಂದೇ ಅಂಶ ತೀರ್ಮಾನಕ್ಕೆ ಸಾಕು.

3. ತಪ್ಪು ಕಲ್ಪನೆ: ಒಳ್ಳೆಯ ಬಾಡಿ ಇದ್ದರೆ ಕಿಟ್ ಲೆನ್ಸಿನಲ್ಲೇ ಆನೆ ಸಿಗುತ್ತದೆ

ವಾಸ್ತವ: ಕ್ಯಾಮೆರಾದ ಜೊತೆಗೇ ಬರುವ ಲೆನ್ಸ್ ಕ್ಯಾನನ್‌ನಲ್ಲಿ 18-45 ಎಂಎಂ, ನಿಕಾನ್‌ನಲ್ಲಿ 16-50 ಎಂಎಂ. ಒಂಬತ್ತು ಅಡಿ ಎತ್ತರದ ಆನೆ ನೂರು ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಈ ಲೆನ್ಸುಗಳನ್ನು ಪೂರ್ತಿ ಜೂಮ್ ಮಾಡಿದರೂ ಅದು ಚಿತ್ರದ ಎತ್ತರದಲ್ಲಿ ಹನ್ನೆರಡನೆಯ ಒಂದು ಭಾಗದಷ್ಟು ಮಾತ್ರ ಕಾಣುತ್ತದೆ. ಅದೇ ಆನೆ ಕ್ಯಾನನ್‌ನ 55-210 ಎಂಎಂ ಲೆನ್ಸಿನಲ್ಲಿ ಶೇ. 38ರಷ್ಟು, ನಿಕಾನ್‌ನ 50-250 ಎಂಎಂ ಲೆನ್ಸಿನಲ್ಲಿ ಶೇ. 43ರಷ್ಟು ಎತ್ತರ ತುಂಬುತ್ತದೆ. ಬಾಡಿ ಅದೇ, ಬದಲಾದದ್ದು ಲೆನ್ಸ್ ಮಾತ್ರ.

ಈ ಎರಡು ಟೆಲಿ ಲೆನ್ಸುಗಳಲ್ಲಿ ನಿಕಾನ್‌ನದೇ ಮೇಲು. ದೂರವೂ ಹೆಚ್ಚು, ತುದಿಯಲ್ಲಿ ಅಪರ್ಚರ್ ಎಫ್/6.3, ಕ್ಯಾನನ್‌ನದು ಎಫ್/7.1 (ಈ ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು). ಕ್ಯಾನನ್ ಲೆನ್ಸ್ 270 ಗ್ರಾಂ ಮಾತ್ರ ತೂಗುತ್ತದೆ, ನಿಕಾನ್‌ನದು 405. ಆದರೆ ಮುಂದಿನ ಮೆಟ್ಟಿಲನ್ನೂ ಈಗಲೇ ನೋಡಬೇಕು. ಹಕ್ಕಿ, ರಣಹದ್ದುಗಳ ಗೀಳು ಹತ್ತಿದರೆ 250 ಎಂಎಂ ಸಾಲದು. ಕ್ಯಾನನ್‌ನಲ್ಲಿ 635 ಗ್ರಾಂನ ಆರ್‌ಎಫ್ 100-400 ಎಂಎಂ ಇದೆ. ಅದೇ ಆನೆಯನ್ನು ಅದು ಚಿತ್ರದ ಮುಕ್ಕಾಲು ಎತ್ತರಕ್ಕೆ ತರುತ್ತದೆ. ನಿಕಾನ್‌ನ 180-600 ಎಂಎಂ ದೊಡ್ಡ ಲೆನ್ಸು, ಅದರ ಬೆಲೆಯೂ ಬೇರೆಯದೇ ಮಟ್ಟದ್ದು. ನಡುವೆ ಟ್ಯಾಮ್ರಾನ್ 70-300 ಸಿಗುತ್ತದೆ, ಆದರೆ ಅದರೊಳಗೆ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ.

ಅಗಲದ ತುದಿಯಲ್ಲಿ ಲೆಕ್ಕ ತಿರುಗುತ್ತದೆ. ದೊಡ್ಡಗಾಜನೂರಿನ ಆ ಮನೆಯನ್ನು ಬೀದಿಯಲ್ಲೇ ನಿಂತು ಪೂರ್ತಿ ಸೆರೆಹಿಡಿಯಬೇಕಾದರೆ, ಅಥವಾ ಹಟ್ಟಿಯೊಳಗೆ ನೆಂಟರನ್ನೆಲ್ಲ ಒಂದೇ ಚಿತ್ರದಲ್ಲಿ ಕೂರಿಸಬೇಕಾದರೆ ನಿಕಾನ್‌ನ 16 ಎಂಎಂ ಹೆಚ್ಚು ಜಾಗ ಕೊಡುತ್ತದೆ. ಆ ತುದಿಯಲ್ಲಿ ಅದು ಒಳಬಿಡುವ ಬೆಳಕೂ ಕ್ಯಾನನ್‌ಗಿಂತ ಒಂದೂವರೆ ಪಟ್ಟು ಹೆಚ್ಚು.

ಲೆನ್ಸ್ ಚಿಕ್ಕದೆಂದು ಹತ್ತಿರ ಹೋಗುವವರಿಗೆ ಒಂದು ಮಾತು. ಕಾರಪಳ್ಳಂ, ಆಸನೂರು ರಸ್ತೆಯಲ್ಲಿ ಆನೆ ಕಂಡಾಗ ಗಾಡಿಯಿಂದ ಇಳಿಯಬೇಡಿ, ದಾರಿಯಲ್ಲಿ ನಿಲ್ಲಿಸಬೇಡಿ. ಆನೆಗೆ ಹೆದರಿ ರಾತ್ರಿಯೆಲ್ಲ ಹೊಲ ಕಾಯುವ ರೈತರ ಊರು ಇದು. ಕೆಣಕಿದ ಆನೆಯ ಸಿಟ್ಟು ಕೊನೆಗೆ ತಟ್ಟುವುದು ಅವರಿಗೆ.

4. ತಪ್ಪು ಕಲ್ಪನೆ: ಈಗಿನ ಆಟೋಫೋಕಸ್ ಎಲ್ಲವನ್ನೂ ತಾನೇ ಗುರುತಿಸುತ್ತದೆ

ವಾಸ್ತವ: ಮನುಷ್ಯರ ಮುಖ, ಕಣ್ಣು ಗುರುತಿಸುವುದರಲ್ಲಿ ಎರಡೂ ಗಟ್ಟಿ. ನಾಯಿ, ಬೆಕ್ಕು ಎರಡಕ್ಕೂ ಗೊತ್ತು. ಹಕ್ಕಿ ಮತ್ತು ವಾಹನಗಳನ್ನು ಗುರುತಿಸುವ ವ್ಯವಸ್ಥೆ ಇರುವುದು ಆರ್50ರಲ್ಲಿ. ಆನೆಗೆಂದೇ ಎರಡರಲ್ಲೂ ಏನೂ ಇಲ್ಲ. ಲಂಟಾನ ಪೊದೆಯ ಹಿಂದೆ ನಿಂತ ಆನೆಯನ್ನು ಕ್ಯಾಮೆರಾಕ್ಕೇ ಬಿಟ್ಟರೆ ಫೋಕಸ್ ಮುಂದಿನ ಎಲೆಯ ಮೇಲೆ ಕೂರುತ್ತದೆ. ಅಂಥಲ್ಲಿ ಒಂದೇ ಬಿಂದುವಿನ ಫೋಕಸ್ ಆರಿಸಿ ಕಣ್ಣಿನ ಹತ್ತಿರ ಇಡುವುದನ್ನು ನೀವೇ ಕಲಿಯಬೇಕು. ಗೊರೆ ಹಬ್ಬದಲ್ಲೂ ಅಷ್ಟೇ: ಮುಖಕ್ಕೆ ಸಗಣಿ ಮೆತ್ತಿಕೊಂಡವರ ಕಣ್ಣನ್ನು ಯಂತ್ರ ಹುಡುಕಿಕೊಡುತ್ತದೆ ಎಂದು ನಂಬಿ ಕೂರಬೇಡಿ.

5. ತಪ್ಪು ಕಲ್ಪನೆ: ಬಾಡಿಯಲ್ಲಿ ಸ್ಟೆಬಿಲೈಸೇಷನ್ ಇಲ್ಲದಿದ್ದರೆ ರಾತ್ರಿಯ ಚಿತ್ರ ಬರುವುದಿಲ್ಲ

ವಾಸ್ತವ: ಸೆನ್ಸರನ್ನೇ ಅಲುಗಿಸಿ ನಡುಕ ತಡೆಯುವ ವ್ಯವಸ್ಥೆ ಈ ಎರಡರಲ್ಲೂ ಇಲ್ಲ. ಎರಡರ ಕಿಟ್ ಲೆನ್ಸಿನೊಳಗೂ ಅದಕ್ಕೆ ಬದಲಿ ಇದೆ. ಆದರೆ ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು, ಎದುರಿನವರ ಚಲನೆಯನ್ನಲ್ಲ. ದೇವರ ಮೆರವಣಿಗೆಯಲ್ಲಿ ಕಂಸಾಳೆಯವರು ಕುಣಿಯುವಾಗ ಚಿತ್ರ ಕಲಸಿಹೋಗುವುದು ಅವರು ಕುಣಿಯುತ್ತಿರುವುದರಿಂದ.

ಅಲ್ಲಿ ಬೇಕಾದದ್ದು ಬೆಳಕು. ಜೂಮ್ ಮಾಡಿದಾಗ ಎರಡೂ ಕಿಟ್ ಲೆನ್ಸುಗಳ ಅಪರ್ಚರ್ ಎಫ್/6.3ಕ್ಕೆ ಇಳಿಯುತ್ತದೆ. ಅದರ ಬದಲು ಎಫ್/1.8ರ ಲೆನ್ಸ್ ಹಾಕಿದರೆ ಒಳಬರುವ ಬೆಳಕು ಹನ್ನೆರಡು ಪಟ್ಟು. ಸೆಕೆಂಡಿನ ಹತ್ತನೆಯ ಒಂದು ಭಾಗದ ಶಟರ್ ಬೇಕಿದ್ದಲ್ಲಿ ನೂರಿಪ್ಪತ್ತನೆಯ ಒಂದು ಭಾಗ ಸಾಕಾಗುತ್ತದೆ. ಕುಣಿಯುವ ಕೈ ಚಿತ್ರದಲ್ಲಿ ಕಲಸಿಹೋಗುವುದು ಬಹಳಷ್ಟು ಕಡಿಮೆಯಾಗುತ್ತದೆ. ಕ್ಯಾನನ್‌ಗೆ ಆರ್‌ಎಫ್ 50 ಎಂಎಂ ಎಫ್/1.8, ನಿಕಾನ್‌ಗೆ 24 ಎಂಎಂ ಎಫ್/1.7 ಅಥವಾ 40 ಎಂಎಂ ಎಫ್/2 ಇಂಥ ಲೆನ್ಸುಗಳು. ಕ್ಯಾನನ್‌ನ ಆರ್‌ಎಫ್ ಮೌಂಟಿಗೆ ಬೇರೆ ಕಂಪನಿಯ ಲೆನ್ಸೇ ಇಲ್ಲ ಎಂಬ ಮಾತು ಈಗಲೂ ಕೇಳಿಬರುತ್ತದೆ, ಅದು ಹಳೆಯದಾಯಿತು. 2024ರಿಂದ ಸಿಗ್ಮಾ, ಟ್ಯಾಮ್ರಾನ್ ಎರಡೂ ಎಪಿಎಸ್-ಸಿ ಅಳತೆಯ ಕ್ಯಾನನ್ ಕ್ಯಾಮೆರಾಗಳಿಗೆ ಆಟೋಫೋಕಸ್ ಲೆನ್ಸ್ ತಂದಿವೆ. ನಿಕಾನ್‌ಗೆ ಸಿಗ್ಮಾ ಲೆನ್ಸುಗಳು ಅದಕ್ಕೂ ಮೊದಲೇ ಬಂದಿದ್ದವು.

6. ತಪ್ಪು ಕಲ್ಪನೆ: ಹಳೆಯ ಡಿಎಸ್‌ಎಲ್‌ಆರ್ ಲೆನ್ಸು, ಫ್ಲಾಶು ಇನ್ನು ಗುಜರಿಗೇ

ವಾಸ್ತವ: ಮನೆಯಲ್ಲೋ ಪರಿಚಯದ ಸ್ಟುಡಿಯೋದಲ್ಲೋ ಹಳೆಯ ಲೆನ್ಸ್ ಇದ್ದರೆ ಮೊದಲು ಅದನ್ನು ಕೈಗೆತ್ತಿಕೊಂಡು ಹಿಂಬದಿ ನೋಡಿ. ಕ್ಯಾನನ್‌ನ ಇಎಫ್, ಇಎಫ್-ಎಸ್ ಲೆನ್ಸುಗಳೆಲ್ಲ ಅಡಾಪ್ಟರ್ ಮೂಲಕ ಆರ್50ರಲ್ಲಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್‌ನಲ್ಲಿ ಎಚ್ಚರ ಬೇಕು. ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಎಂದಿದ್ದರೆ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಆಟೋಫೋಕಸ್ ಸಿಗುತ್ತದೆ. ಬರೀ ಎಎಫ್ ಎಂದಿದ್ದು, ಲೋಹದ ಬಳೆಯ ಮೇಲೆ ಸ್ಕ್ರೂಡ್ರೈವರ್ ತುದಿ ಕೂರುವಂಥ ಸಣ್ಣ ಸೀಳು ಕಂಡರೆ, ಆ ಲೆನ್ಸನ್ನು ತಿರುಗಿಸುವ ಮೋಟಾರು ಆ ಅಡಾಪ್ಟರಿನಲ್ಲಿ ಇಲ್ಲ. ಫೋಕಸ್ ಕೈಯಲ್ಲೇ ಮಾಡಬೇಕು. ಅಗ್ಗಕ್ಕೆ ಸಿಗುವ ಹಳೆಯ 50 ಎಂಎಂ ಎಫ್/1.8ಡಿ ಈ ಜಾತಿಗೆ ಸೇರಿದ್ದು.

ಫ್ಲಾಶಿನಲ್ಲಿ ತೊಂದರೆ ಕ್ಯಾನನ್ ಕಡೆಗೆ. ಝಡ್30ರ ಮೇಲಿರುವುದು ಮಾಮೂಲಿ ಹಾಟ್‌ಶೂ. ಆರ್50ರ ಶೂ ಹೊಸ ಮಾದರಿಯದು; ಹಳೆಯ ಫ್ಲಾಶುಗಳಿಗೆ ಪ್ರತ್ಯೇಕ ಅಡಾಪ್ಟರ್ ಬೇಕು. ಅದರ ಬದಲು ಆರ್50ರೊಳಗೇ ಸಣ್ಣದೊಂದು ಫ್ಲಾಶ್ ಇದೆ, ಝಡ್30ರಲ್ಲಿ ಅದೂ ಇಲ್ಲ. ಮದುವೆ ಕೆಲಸಕ್ಕೆ ಇಳಿಯುವವರು ಈ ಖರ್ಚನ್ನು ಮೊದಲೇ ಲೆಕ್ಕ ಹಾಕಬೇಕು.

7. ತಪ್ಪು ಕಲ್ಪನೆ: 4ಕೆ ಇದ್ದರೆ ವಿಡಿಯೋ ಚೆನ್ನಾಗಿ ಬರುತ್ತದೆ

ವಾಸ್ತವ: ಎರಡೂ ಸೆನ್ಸರಿನ ಪೂರ್ತಿ ಅಗಲದಿಂದ ಸೆಕೆಂಡಿಗೆ 30 ಫ್ರೇಮಿನ 4ಕೆ ತೆಗೆಯುತ್ತವೆ. ಕೃಷಿಯ ವಿಡಿಯೋ ಮಾಡುವವರನ್ನು ಕೈಬಿಡುವುದು ಹೆಚ್ಚಾಗಿ ಧ್ವನಿ. ಬೆಟ್ಟದ ಗಾಳಿ ಒಳಗಿನ ಮೈಕಿಗೆ ಬಡಿದರೆ ಮಾತು ಕೇಳುವುದಿಲ್ಲ. ಎರಡಕ್ಕೂ ಹೊರಗಿನ ಮೈಕ್ ಹಾಕಬಹುದು, ಹಾಕಲೇಬೇಕು. ಝಡ್30 ಹುಟ್ಟಿದ್ದೇ ವಿಡಿಯೋಗಾಗಿ. ಒಮ್ಮೆಗೆ 125 ನಿಮಿಷದವರೆಗೆ ರೆಕಾರ್ಡ್ ಮಾಡುತ್ತದೆ, ಕೈಹಿಡಿ ದಪ್ಪವಾಗಿದ್ದು ಹಿಡಿಯಲು ಹಿತವಾಗಿದೆ, ಮುಂಭಾಗದಲ್ಲಿ ರೆಕಾರ್ಡಿಂಗ್ ಆಗುತ್ತಿದೆ ಎಂದು ತೋರಿಸುವ ಕೆಂಪು ದೀಪವಿದೆ. ಬ್ಯಾಟರಿಯಲ್ಲಿ ಹೆಚ್ಚೇನೂ ಅಂತರವಿಲ್ಲ. ಪರದೆ ನೋಡಿ ತೆಗೆದರೆ ಆರ್50ಗೆ ಸುಮಾರು 370 ಚಿತ್ರ, ಝಡ್30ಕ್ಕೆ 330. ಯಾವುದನ್ನೇ ಕೊಂಡರೂ ಇನ್ನೊಂದು ಬ್ಯಾಟರಿ ಜೊತೆಗಿರಲಿ.

8. ತಪ್ಪು ಕಲ್ಪನೆ: ಹೊಸ ಕ್ಯಾಮೆರಾ, ಸ್ವಲ್ಪ ಮಳೆ ಧೂಳು ತಡೆಯುತ್ತದೆ

ವಾಸ್ತವ: ಇವು ಮಳೆಯಲ್ಲಿ ನೆನೆಯಲು ಮಾಡಿದ ಕ್ಯಾಮೆರಾಗಳಲ್ಲ. ಗೊರೆ ಹಬ್ಬದ ದಿನ ಗುಮಟಾಪುರದಲ್ಲಿ ಬೀರೇಶ್ವರನ ಗುಡಿಯ ಹಿಂದಿನ ಬಯಲಿಗೆ ಕ್ಯಾಮೆರಾ ಒಯ್ಯುವವರು ಲೆನ್ಸಿನ ತುದಿಯೊಂದನ್ನು ಬಿಟ್ಟು ಮಿಕ್ಕದ್ದಕ್ಕೆಲ್ಲ ಪ್ಲಾಸ್ಟಿಕ್ ಹೊದಿಕೆ ಕಟ್ಟಬೇಕು, ಮುಂದೆ ಒಂದು ಯುವಿ ಫಿಲ್ಟರ್ ಹಾಕಬೇಕು. ಅಲ್ಲಿ ಲೆನ್ಸ್ ಬದಲಿಸುವ ಯೋಚನೆಯೇ ಬೇಡ. ಮಿರರ್‌ಲೆಸ್‌ನಲ್ಲಿ ಸೆನ್ಸರಿನ ಮುಂದೆ ಕನ್ನಡಿ ಇರುವುದಿಲ್ಲವಾದ್ದರಿಂದ ಲೆನ್ಸ್ ಕಳಚಿದ ಕೂಡಲೇ ಧೂಳು ನೇರ ಸೆನ್ಸರಿನ ಮೇಲೆ ಕೂರುತ್ತದೆ.

ಹಾಗಾದರೆ ಯಾವುದು?

ಹಬ್ಬ, ಜಾತ್ರೆ, ಹೊಲ, ಹಕ್ಕಿ ಎಂದು ಬಿಸಿಲಿನಲ್ಲಿ ಓಡಾಡಿ ಸ್ಥಿರಚಿತ್ರ ತೆಗೆಯುವವರಿಗೆ ಕ್ಯಾನನ್ ಆರ್50. ಕಾರಣ ಎರಡೇ: ವ್ಯೂಫೈಂಡರ್ ಮತ್ತು ಮುಂದೆ ಕೈಗೆಟುಕುವ 100-400 ಲೆನ್ಸ್. ಪಾಠ, ಅಡುಗೆ, ಬೇಸಾಯದ ವಿಡಿಯೋ ಮಾಡುವವರಿಗೆ, ಮನೆಯೊಳಗೆ ಹೆಚ್ಚು ಚಿತ್ರ ತೆಗೆಯುವವರಿಗೆ ನಿಕಾನ್ ಝಡ್30. ಮನೆಯಲ್ಲಿ ಒಂದು ಕಂಪನಿಯ ಒಳ್ಳೆಯ ಹಳೆಯ ಲೆನ್ಸುಗಳಿದ್ದರೆ ಆ ಕಂಪನಿಯತ್ತ ವಾಲುವುದರಲ್ಲಿ ತಪ್ಪಿಲ್ಲ.

ಕೊಳ್ಳುವ ದಿನ ಮೂರು ಕೆಲಸ ಮಾಡಿ. ಹಗಲು ಹೊತ್ತಿನಲ್ಲೇ ಅಂಗಡಿಗೆ ಹೋಗಿ, ಎರಡು ಕ್ಯಾಮೆರಾಗಳನ್ನೂ ಬಾಗಿಲಾಚೆಗೆ ತಂದು ಬಿಸಿಲಿನಲ್ಲಿ ಹಿಡಿದು ನೋಡಿ. ಕೈಯಲ್ಲಿರುವ ಹಣವನ್ನೆಲ್ಲ ಕ್ಯಾಮೆರಾ ಬಾಡಿಯ ಮೇಲೆ ಸುರಿಯದೆ ಮೂರರಲ್ಲಿ ಒಂದು ಪಾಲನ್ನು ಎರಡನೆಯ ಲೆನ್ಸಿಗೆ ಎತ್ತಿಡಿ. ಬಿಲ್ಲು ಮತ್ತು ಭಾರತದ ವಾರಂಟಿ ಇಲ್ಲದ ಕ್ಯಾಮೆರಾ ಎಷ್ಟೇ ಅಗ್ಗವಾದರೂ ಬೇಡ. ಕೆಟ್ಟಾಗ ಅದರ ರಿಪೇರಿಯ ಖರ್ಚೆಲ್ಲ ನಿಮ್ಮ ತಲೆಯ ಮೇಲೆ.