ಪೈಪು ತೆಗೆದ ಮಾತ್ರಕ್ಕೆ ಗಂಡಾಂತರ ಕಳೆಯಲಿಲ್ಲ!

ತ್ಯಾಮಗೊಂಡ್ಲು: "ಬಾಯಿಂದ ಪೈಪು ತೆಗೆದ್ರಂತೆ, ಇನ್ನೇನ್ ಭಯ ಇಲ್ಲ ಬಿಡಿ." ಐಸಿಯುನಲ್ಲಿ ಮಲಗಿದವರ ಸುದ್ದಿ ಊರಿಗೆ ಬಂದಾಗ ಅಂಗಡಿ ಕಟ್ಟೆಯಲ್ಲೂ ಬಸ್ಸಿನಲ್ಲೂ ಹುಟ್ಟುವ ಮಾತು ಇದು. ಸಂತೋಷದ ಸುದ್ದಿಯೇನೋ ಹೌದು. ಆದರೆ ವೈದ್ಯರು ಮೈಯೆಲ್ಲ ಕಣ್ಣಾಗಿ ಕಾಯುವುದು ಆಗಲೇ! ಮೊದಲ ಎರಡು ಮೂರು ದಿನಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಪೈಪನ್ನು ಮತ್ತೆ ಹಾಕಬೇಕಾಗಿ ಬರುತ್ತದೆ. ಹಾಗೆ ಎರಡನೇ ಸಲ ಹಾಕಿಸಿಕೊಂಡವರಲ್ಲಿ ಸಾವು ಹೆಚ್ಚು.

ಮುರಿದ ಕಾಲಿನ ಕಟ್ಟು ಬಿಚ್ಚಿದ ದಿನವೇ ಯಾರಾದರೂ ಓಡುತ್ತಾರೆಯೇ? ಉಸಿರಾಟದ ಸ್ನಾಯುಗಳ ಪಾಡೂ ಅಷ್ಟೇ. ವೆಂಟಿಲೇಟರ್ ದುಡಿದಷ್ಟು ದಿನ ಅವು ಸೊರಗಿರುತ್ತವೆ. ಪೈಪು ಇದ್ದ ಗಂಟಲು ಊದಿರಬಹುದು. ಕೆಮ್ಮಿ ಕಫ ಹೊರಹಾಕುವ ತ್ರಾಣ ಇರುವುದಿಲ್ಲ. ತೆಗೆಯುವ ಮುಂಚೆ ಅರ್ಧ ಗಂಟೆಯಿಂದ ಎರಡು ಗಂಟೆ ಯಂತ್ರದ ನೆರವು ತಗ್ಗಿಸಿ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಪಾಸಾದವರೂ ಆಮೇಲೆ ಸೋಲುವುದುಂಟು.

ಮೂರು ಬಗೆಯ ಆಸರೆ

ಆದ್ದರಿಂದ ಪೈಪು ತೆಗೆದ ಕೂಡಲೇ ಉಸಿರಿಗೆ ಆಸರೆ ಬೇಕು. ಒಂದು, ಮಾಮೂಲಿ ಆಕ್ಸಿಜನ್. ಎರಡು, ಕೋವಿಡ್ ಕಾಲದಲ್ಲಿ ಹೆಸರಾದ ಹೈ-ಫ್ಲೋ ಯಂತ್ರ. ಮೈಯಷ್ಟೇ ಬೆಚ್ಚಗಿನ, ತೇವದ ಗಾಳಿಯನ್ನು ಮೂಗಿನ ಮೂಲಕ ನಿಮಿಷಕ್ಕೆ 60 ಲೀಟರಿನವರೆಗೆ ಕೊಡುತ್ತದೆ. ಮೂರು, ಒತ್ತಡದಿಂದ ಗಾಳಿ ತುಂಬುವ ಬಿಗಿ ಮಾಸ್ಕ್.

ಸ್ಪೇನಿನಲ್ಲಿ ಅಪಾಯ ಕಡಿಮೆಯಿದ್ದ 527 ರೋಗಿಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮಾಮೂಲಿ ಆಕ್ಸಿಜನ್ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಮತ್ತೆ ಪೈಪು ಬೇಕಾಯಿತು. ಹೈ-ಫ್ಲೋನಲ್ಲಿ 5 ಮಂದಿಗೆ ಮಾತ್ರ. ವಯಸ್ಸಾದವರು, ಹೃದಯ ಅಥವಾ ಶ್ವಾಸಕೋಶದ ಹಳೇ ಕಾಯಿಲೆಯವರಿಗೆ? ಫ್ರಾನ್ಸಿನ 2019ರ ಅಧ್ಯಯನದಲ್ಲಿ ಬರೀ ಹೈ-ಫ್ಲೋ ಕೊಟ್ಟಾಗ 18, ನಡುನಡುವೆ ಮಾಸ್ಕನ್ನೂ ಹಾಕಿದಾಗ 12.

ಆದರೆ ಮಾಸ್ಕ್ ಮೊದಲೇ ಹಾಕಬೇಕು. ಉಸಿರು ಕೈಕೊಟ್ಟ ಮೇಲೆ "ಪೈಪು ಬೇಡಿ ಸ್ವಾಮಿ, ಮಾಸ್ಕೇ ಸಾಕು" ಎಂದು ಮನೆಯವರು ಹಟ ಹಿಡಿದರೆ, ಆ ತಡವೇ ಜೀವಕ್ಕೆ ಮುಳುವಾಗಬಹುದು.

ಹೊಲದ ವಿಷ

ನಮ್ಮಂಥ ಹೋಬಳಿಗಳಲ್ಲಿ ಇನ್ನೊಂದು ಭಯವಿದೆ. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಔಷಧಿ ಹೊಟ್ಟೆಗೆ ಹೋದವರು ಮೊದಲ ದಿನ ಸುಧಾರಿಸಿದಂತೆ ಕಂಡು, ಒಂದರಿಂದ ನಾಲ್ಕು ದಿನದೊಳಗೆ ಮತ್ತೆ ಉಸಿರಾಡಲಾಗದೆ ಕುಸಿಯುವುದುಂಟು. ಇದನ್ನು 1987ರಲ್ಲಿ ಶ್ರೀಲಂಕಾದ ವೈದ್ಯರು ಗುರುತಿಸಿದರು. ಮುನ್ಸೂಚನೆ ಏನು? ದಿಂಬಿನಿಂದ ತಲೆ ಎತ್ತಲಾಗುವುದಿಲ್ಲ. ಇಂಥವರ ಪೈಪನ್ನು ಅವಸರದಲ್ಲಿ ತೆಗೆಸುವಂತಿಲ್ಲ.

ಮನೆಯವರು ಏನು ಮಾಡಬೇಕು?

ಬಿಲ್ಲು ಏರುತ್ತಿದೆ, ಊರಿಗೆ ಹತ್ತಿರ ಇರಲಿ ಎಂದು ಪೈಪು ತೆಗೆದ ಮಾರನೇ ದಿನವೇ ಡಿಸ್ಚಾರ್ಜ್ ಕೇಳುವವರಿದ್ದಾರೆ. ಅವರ ಕಷ್ಟ ಸುಳ್ಳಲ್ಲ. ಆದರೆ ಲೆಕ್ಕ ಹಾಕಿ: 7000 ಲೀಟರಿನ ದೊಡ್ಡ ಸಿಲಿಂಡರು, ನಿಮಿಷಕ್ಕೆ 60 ಲೀಟರಿನಂತೆ, ಎರಡು ಗಂಟೆಯೂ ಬಾರದು. ಆಂಬುಲೆನ್ಸಿನ ಸಣ್ಣ ಸಿಲಿಂಡರಿನ ಗತಿ? ಆಕ್ಸಿಜನ್ ಸಾಲದಿದ್ದರೆ ಏನಾಗುತ್ತದೆಂದು 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ನಾಡೇ ಕಂಡಿದೆ. ಬಿಪಿಎಲ್ ಕಾರ್ಡ್ ಇದ್ದವರು ಡಿಸ್ಚಾರ್ಜ್ ಕೇಳುವ ಮುಂಚೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ವಿಚಾರಿಸಲಿ.

ಪ್ರೀತಿಯಿಂದ ಎಳನೀರು, ಗಂಜಿ ಕುಡಿಸಲೂ ಬೇಡಿ. ಪೈಪು ತೆಗೆದ ಹೊಸದರಲ್ಲಿ ನುಂಗುವ ಶಕ್ತಿ ಕುಂದಿರುತ್ತದೆ, ಕುಡಿದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಡಾಕ್ಟರು ಹೇಳುವ ತನಕ ತಡೆಯಿರಿ. ರೋಗಿ ಗೊಣಗಿದರೂ ಮಾಸ್ಕ್ ಸಡಿಲಿಸಬೇಡಿ. ಒರಗಿ ಕೂತು ಕೆಮ್ಮಲು ಹುರಿದುಂಬಿಸಿ. ಏದುಸಿರು, ಮೈ ಬೆವರುವುದು, ಮಂಪರು, ಉಸಿರೆಳೆಯುವಾಗ ಗಂಟಲಲ್ಲಿ ಸೀಟಿಯಂಥ ಸದ್ದು ಕಂಡರೆ ತಕ್ಷಣ ನರ್ಸಮ್ಮನವರನ್ನು ಕರೆಯಿರಿ.

ಪೈಪು ತೆಗೆಯುವ ಮುಂಚೆ ಒಂದು ಮಾತು ಕೇಳಿಯೇ ಬಿಡಿ: "ತೆಗೆದ ಮೇಲೆ ಉಸಿರಿಗೆ ಏನು ಆಸರೆ ಕೊಡ್ತೀರಿ ಡಾಕ್ಟ್ರೇ, ಎಷ್ಟು ದಿನ?" ಕೇಳುವುದಕ್ಕೆ ಸಂಕೋಚ ಬೇಡ.