ಗುಡ್ಡದ ಹಸಿರು, ಗುಡ್ಡದ ಹಳಮೆ

ಬಳ್ಳಾರಿ ಸೀಮೆಯ ಬೋಳು ಗುಡ್ಡಗಳಿಗೆ ಹಸಿರು ಹೊದಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗುದ್ದಲಿ ಎತ್ತುವ ಮುನ್ನ ಆ ನೆಲದಲ್ಲಿ ಏನು ಅಡಗಿದೆಯೆಂದು ವಿಚಾರಿಸಬೇಕು.

ನಗರದ ಮಗ್ಗುಲಿನ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ, ಕುರುಗೋಡಿನ ಬೆಟ್ಟ ಇವೆಲ್ಲ ನವಶಿಲಾಯುಗದ ಜನ ಬಾಳಿದ ತಾಣಗಳು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಈ ದನಗಾಹಿಗಳು ಬಂಡೆಗಳ ನಡುವಣ ಮಟ್ಟಸವಾದ ಜಾಗಗಳಲ್ಲಿ ಗುಡಿಸಲು ಕಟ್ಟಿದರು. 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಅವರು ತೆಕ್ಕಲಕೋಟೆಯಲ್ಲಿ ನಡೆಸಿದ ಉತ್ಖನನವು ದುಂಡನೆಯ ಗುಡಿಸಲುಗಳ ನೆಲಗಳನ್ನೂ ಸಮಾಧಿಗಳನ್ನೂ ಬೆಳಕಿಗೆ ತಂದಿತು.

ಇಂಥ ಅವಶೇಷಗಳು ಹಲವೆಡೆ ತೆಳುವಾದ ಮಣ್ಣಿನಡಿಯಲ್ಲಿಯೇ ಇರುತ್ತವೆ. ಗುಡ್ಡದಲ್ಲಿ ಮಣ್ಣು ನಿಂತಿರುವುದು ಆ ಮಟ್ಟಸ ಜಾಗಗಳಲ್ಲಾದ್ದರಿಂದ ಸಸಿಯ ಗುಂಡಿಗೂ ನೀರಿಂಗಿಸುವ ಕಂದಕಕ್ಕೂ ಅವೇ ಒದಗುತ್ತವೆ. ಪದರಗಳು ಒಮ್ಮೆ ಕಲಸಿಹೋದರೆ ಯಾವುದು ಮೊದಲು, ಯಾವುದು ಅನಂತರ ಎಂದು ಹೇಳಲಾಗದು. ದಾರ ಹರಿದು ಚೆದುರಿದ ಓಲೆಗರಿಯ ಕಟ್ಟಿನ ಗತಿ ಅದಕ್ಕೆ. ಒಡ್ಡಿಗೆಂದು ಆಯ್ದ ಕಲ್ಲು ಪುರಾತನ ಗುಡಿಸಲಿನ ಸುತ್ತುಗಲ್ಲಾಗಿರಬಹುದು. ಕುಡುತಿನಿಯ ಬೂದಿದಿಬ್ಬ ನೋಡುವವರಿಗೆ ಬರಿಯ ದಿಣ್ಣೆ. ಬಲ್ಲವರಿಗೆ ಅದು ದೊಡ್ಡಿಯ ಸಗಣಿ ಮತ್ತೆ ಮತ್ತೆ ಉರಿದು ಉಳಿದ ಇತಿಹಾಸ.

1958ರ ಕಾಯಿದೆ ಕಾಯುವುದು ಘೋಷಿತ ಸ್ಮಾರಕಗಳನ್ನು. ಪಟ್ಟಿಗೆ ಸೇರದ ಇಳಿಜಾರುಗಳನ್ನು ನಮ್ಮ ವಿವೇಕವೇ ಕಾಯಬೇಕು. ಅರಣ್ಯದವರೊಡನೆ ಪುರಾತತ್ತ್ವಜ್ಞರೂ ಮೊದಲು ಗುಡ್ಡ ಸುತ್ತಲಿ. ಗುರುತಿಸಿದೆಡೆ ಅಗೆಯದೆ ಹುಲ್ಲಿನ ಬೀಜ ಚೆಲ್ಲಲಿ; ಮರಗಳಿಗೆ ತಪ್ಪಲಿದೆ. ನಯಗೊಳಿಸಿದ ಕಲ್ಗೊಡಲಿಯೋ ಮಡಕೆಯ ಚೂರುಗಳೋ ಕಂಡರೆ ಕೆಲಸ ನಿಲ್ಲಲಿ.

ಕಲ್ಲುಗಣಿಯ ಬಾಯಿಗೆ ಬಿದ್ದ ಗುಡ್ಡದಲ್ಲಿ ಕಾಡೂ ಉಳಿಯದು, ಚರಿತ್ರೆಯೂ ಉಳಿಯದು. ಆದುದರಿಂದ ಇವೆರಡರ ಕಾವಲುಗಾರರು ಒಂದೇ ಪಕ್ಷದವರು.