ರುಮಾಲು ಬೀಳುವಷ್ಟು ಎತ್ತರ

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಯುಟಿಲಿಟಿ ಬಿಲ್ಡಿಂಗ್ ತಲೆಯೆತ್ತಿದ ಹೊಸತರಲ್ಲಿ, ಊರಿನಿಂದ ಬಂದ ನೆಂಟರಿಗೆ ಅದನ್ನು ತೋರಿಸುವುದು ಮನೆಯ ಹುಡುಗರ ಕೆಲಸವಾಗಿತ್ತು. ವಿಧಾನಸೌಧ, ಕಬ್ಬನ್ ಪಾರ್ಕ್, ಆಮೇಲೆ ಇದು. ನಮ್ಮ ಸೋದರಮಾವ ರಸ್ತೆಯ ಆಚೆ ಬದಿ ನಿಂತು, ಒಂದು ಕೈಯಲ್ಲಿ ರುಮಾಲು ಒತ್ತಿ ಹಿಡಿದು ಮಹಡಿ ಎಣಿಸತೊಡಗಿದರು. ಹದಿನೇಳಕ್ಕೆ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ. ಇರುವುದು 25 ಎಂದು ನಾನು ಹೇಳಿದರೂ ಅವರಿಗೆ ಸಮಾಧಾನವಿಲ್ಲ. ಆ ಕಟ್ಟಡದೊಳಗೆ ಅವರಿಗೆ ಯಾವ ಕೆಲಸವೂ ಇರಲಿಲ್ಲ. ಹಾಗಾದರೆ ಎಣಿಸುವ ಹಟವೇಕೆ?

ಎತ್ತರದ ಹುಚ್ಚು ಮನುಷ್ಯನಿಗೆ ಹಳೆಯದು. ಆದರೆ ದಿನವೂ ಹತ್ತಿ ಇಳಿಯುವ ಕಟ್ಟಡಗಳಿಗೆ ಅವನ ಕಾಲಿನ ಶಕ್ತಿಯೇ ಮಿತಿಯಾಗಿತ್ತು. ಐದಾರು ಮಹಡಿ ಹತ್ತುವಷ್ಟರಲ್ಲಿ ಏದುಸಿರು! 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನವೊಂದರಲ್ಲಿ ಎಲಿಷಾ ಓಟಿಸ್ ಎಂಬಾತ ತಾನು ನಿಂತಿದ್ದ ಲಿಫ್ಟಿನ ಹಗ್ಗವನ್ನು ಜನರೆದುರಿಗೇ ಕತ್ತರಿಸಿಬಿಡಲು ಹೇಳಿದ. ಲಿಫ್ಟು ಬೀಳಲಿಲ್ಲ, ಅವನು ಅಳವಡಿಸಿದ್ದ ಬ್ರೇಕು ಹಿಡಿದುಕೊಂಡಿತು. ಮುಂದೆ ಉಕ್ಕಿನ ಚೌಕಟ್ಟು ಬಂತು. ಭಾರ ಹೊರುವ ಕೆಲಸ ಗೋಡೆಗೆ ತಪ್ಪಿತು. ಮೆಟ್ಟಿಲು ಹತ್ತಬೇಕೆಂದು ಅಗ್ಗವಾಗಿದ್ದ ಮೇಲಿನ ಮಹಡಿಯೇ ಎಲ್ಲಕ್ಕಿಂತ ದುಬಾರಿಯಾಯಿತು.

ಇನ್ನು ಪೈಪೋಟಿ ಶುರುವಾಗದೇ ಇರುತ್ತದೆಯೇ? 1929ರಲ್ಲಿ ನ್ಯೂಯಾರ್ಕಿನಲ್ಲಿ ಎರಡು ಕಟ್ಟಡಗಳು ಒಂದನ್ನೊಂದು ಮೀರಿಸಲು ಏಳುತ್ತಿದ್ದವು. ವಿನ್ಯಾಸಕರಾದ ವಿಲಿಯಂ ವಾನ್ ಅಲೆನ್ ಮತ್ತು ಕ್ರೇಗ್ ಸೆವರೆನ್ಸ್ ಹಿಂದೆ ಪಾಲುದಾರರಾಗಿದ್ದವರು, ಈಗ ಎದುರಾಳಿಗಳು. ವಾಲ್‌ಸ್ಟ್ರೀಟಿನ ತನ್ನ ಕಟ್ಟಡ 927 ಅಡಿ ಮುಟ್ಟುತ್ತದೆ, ಗೆದ್ದೆ ಎಂದು ಸೆವರೆನ್ಸ್ ಭಾವಿಸಿದ್ದ. ವಾನ್ ಅಲೆನ್ ಮಾತ್ರ ಕ್ರೈಸ್ಲರ್ ಕಟ್ಟಡದ ಒಳಗೇ ಗುಟ್ಟಾಗಿ ಉಕ್ಕಿನ ಶಿಖರವೊಂದನ್ನು ಜೋಡಿಸಿಟ್ಟಿದ್ದ. ಅಕ್ಟೋಬರ್ 23ರಂದು ಸುಮಾರು ಒಂದೂವರೆ ಗಂಟೆಯಲ್ಲಿ ಅದನ್ನು ಮೇಲೆತ್ತಿ ಕೂರಿಸಿದರು. ಎತ್ತರ 1046 ಅಡಿ! ಮಕ್ಕಳ ಆಟದಂತಿಲ್ಲವೇ? ಮರುದಿನವೇ ಷೇರುಪೇಟೆ ಕುಸಿಯತೊಡಗಿತು.

ಆ ಮುಗ್ಗಟ್ಟಿನ ನಡುವೆಯೇ ಎಂಪೈರ್ ಸ್ಟೇಟ್ ಕಟ್ಟಡ ಎದ್ದಿತು. 1930ರ ಮಾರ್ಚ್ 17ರಂದು ಆರಂಭವಾದ ಕೆಲಸ 410 ದಿನಗಳಲ್ಲಿ ಮುಗಿಯಿತು: 102 ಮಹಡಿ, 1250 ಅಡಿ. ಕೆಲಸ ಬಿರುಸಾಗಿದ್ದಾಗ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ಮಂದಿ ದುಡಿದರು. ಲೂಯಿಸ್ ಹೈನ್ ತೆಗೆದ ಛಾಯಾಚಿತ್ರಗಳಲ್ಲಿ ಅವರನ್ನು ಇಂದಿಗೂ ಕಾಣಬಹುದು. ಸೊಂಟಕ್ಕೆ ಹಗ್ಗವಿಲ್ಲ, ಕಾಲ ಕೆಳಗೆ ಊರು. ಅಧಿಕೃತ ಲೆಕ್ಕದಂತೆ ಐವರು ಸತ್ತರು. ಉಳಿದವರಿಗೆ ಕಟ್ಟಡ ಮುಗಿದಾಗ ಕೆಲಸವೂ ಮುಗಿಯಿತು. ಹೊರಗೆ ನಿರುದ್ಯೋಗಿಗಳ ಸಾಲು ಕಾದಿತ್ತು.

1931ರ ಮೇ 1ರಂದು ಅಧ್ಯಕ್ಷ ಹೂವರ್ ವಾಷಿಂಗ್ಟನ್ನಿನಲ್ಲಿ ಕುಳಿತು ಗುಂಡಿ ಒತ್ತಿ ಉದ್ಘಾಟಿಸಿದರು. ಆದರೆ ಬಾಡಿಗೆಗೆ ಬರುವವರಿಲ್ಲ! ಜನ ಅದನ್ನು ‘ಎಂಪ್ಟಿ ಸ್ಟೇಟ್’ ಎಂದು ಗೇಲಿ ಮಾಡಿದರು. ಅದು ಲಾಭ ಕಂಡದ್ದು 1950ರ ಸುಮಾರಿಗೆ. ಅಲ್ಲಿಯವರೆಗೆ ಅದಕ್ಕೆ ದೊಡ್ಡ ಆಸರೆಯಾದದ್ದು, ಮೇಲೆ ಹತ್ತಿ ಊರು ನೋಡಲು ಬಂದವರ ಟಿಕೆಟ್ ಹಣ. ಕೈಯಲ್ಲಿ ಕಾಸಿಲ್ಲದ ಆ ಕಾಲದಲ್ಲೂ ಜನ ದುಡ್ಡು ಕೊಟ್ಟು ಹತ್ತಿದರು.

ಏಕೆ? ಕೆಳಗಿನಿಂದ ನೋಡುವಾಗ ನಾವು ಇರುವೆಗಳು. ಮೇಲೇರಿದರೆ ದಿನವೂ ನಮ್ಮನ್ನು ದಿಕ್ಕು ತಪ್ಪಿಸುವ ಊರೇ ಅಂಗೈಯಗಲದ ನಕ್ಷೆ. ಯಾವುದೇ ಎತ್ತರದ ಜಾಗಕ್ಕೆ ಹೋಗಿ ಗಮನಿಸಿ, ಬಹಳ ಮಂದಿ ಮೊದಲು ಹುಡುಕುವುದು ತಮ್ಮ ಮನೆಯನ್ನು. ಮುರ್ಡೇಶ್ವರದ ರಾಜಗೋಪುರದ ಲಿಫ್ಟಿಗೆ ಸಾಲು ನಿಲ್ಲುವವರಿಗೂ ಬೇಕಾದದ್ದು ಮೇಲಿನಿಂದ ಕಾಣುವ ಕಡಲು ಮತ್ತು ಶಿವ. ಹಾಗೆಯೇ ಆಕಾಶಕ್ಕೆ ಅಂಟಿದ ಕಟ್ಟಡಗಳ ಸಾಲು ಒಂದು ಊರಿನ ಮುಖಚಹರೆ. 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳು ಉರುಳಿದಾಗ, ಸಾವಿರಾರು ಜೀವಗಳ ಜೊತೆಗೆ ನ್ಯೂಯಾರ್ಕಿನ ಆ ಮುಖವೂ ಬದಲಾಯಿತು.

ಪೈಪೋಟಿಯೇನೂ ನಿಂತಿಲ್ಲ. 2010ರಲ್ಲಿ ತೆರೆದ ದುಬೈನ ಬುರ್ಜ್ ಖಲೀಫಾ 828 ಮೀಟರ್. ಅದರಲ್ಲಿ ತುದಿಯ 244 ಮೀಟರಿನಲ್ಲಿ ಯಾರೂ ವಾಸಿಸುವಂತಿಲ್ಲ, ಬರೀ ಎತ್ತರಕ್ಕಾಗಿ ಎತ್ತರ. ವಾನ್ ಅಲೆನ್ ಬದುಕಿದ್ದರೆ ನಗುತ್ತಿದ್ದನೇನೋ.

ಅಂದಹಾಗೆ ನಮ್ಮ ಮಾವನ ಲೆಕ್ಕ ಮೂರನೇ ಸಲ 26ಕ್ಕೆ ನಿಂತಿತು. ಊರಿಗೆ ಹೋಗಿ ಅರಳಿಕಟ್ಟೆಯಲ್ಲಿ ಹೇಳುವಷ್ಟರಲ್ಲಿ ಅದು ಮೂವತ್ತಾಗಿತ್ತಂತೆ.